ಮಾವನ ಬೆರಳಿಗೆ ಮೀನು ಹೇಳಿದ್ದು

ನನ್ನ ಸೋದರಮಾವನ ಹತ್ತಿರ ಮೀನುಗಳು ಮಾತಾಡುತ್ತಿದ್ದವು. ನಗಬೇಡಿ. ನಾನು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು, ಮುಂಬಯಿ ಪಕ್ಕದ ಕಲ್ಯಾಣದಲ್ಲಿ ಸ್ಕೂಟರ್ ರಿಪೇರಿ ಮಾಡುವವನು. ಕತೆ ಕಟ್ಟಲು ನನಗೆ ಬರುವುದಿಲ್ಲ. ಇದ್ದದ್ದನ್ನು ಹೇಳುತ್ತೇನೆ, ಅಷ್ಟೆ.

ಗಾಳದ ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿ ನೀರಿಗೆ ಬಿಟ್ಟರೆ ಸಾಕಂತೆ. ತಳದಲ್ಲಿ ಯಾರು ಬಂದಿದ್ದಾರೆ ಅಂತ ಬೆರಳಿಗೆ ಗೊತ್ತಾಗುತ್ತದಂತೆ!

"ಕಾಣೆ ಮೀನು ಉಂಟಲ್ಲ, ಅದು ಸಕ್ಕರೆ ಕೇಳ್ಲಿಕ್ಕೆ ಬಂದ ಪಕ್ಕದ್ಮನೆಯವಳ ಹಾಗೆ. ಮೆಲ್ಲ ತಟ್ತದೆ, ನಿಲ್ತದೆ, ಪುನಃ ತಟ್ತದೆ. ಏಡಿ ಬಂದ್ರೆ ಬರೀ ಕೆರೆಯುದು. ಕೊಡ್ಡಾಯಿ ಮೀನು ಬೇರೆ ಮಾರಾಯ. ಎರಡು ಸಲ ಮೆಲ್ಲ ಎಳೀತದೆ. ಆಮೇಲೆ ಸುಮ್ಮನೆ. ಆಲೋಚನೆ ಮಾಡ್ತದೆ. ಮೂರನೇ ಸಲ ಎಳೀತದೆ ನೋಡು, ಮನೆಯನ್ನೇ ಕಿತ್ಕೊಂಡು ಹೋಗುವ ಹಾಗೆ!"

ಇದನ್ನೆಲ್ಲ ಮಾವ ಹೇಳುತ್ತಿದ್ದದ್ದು ಎಲ್ಲಿ? ಸಮುದ್ರದ ದಂಡೆಯಲ್ಲಲ್ಲ. ಡೊಂಬಿವಲಿಯ ಒಂದು ಶುದ್ಧ ಶಾಕಾಹಾರಿ ಹೋಟೆಲಿನ ದೋಸೆ ಕಾವಲಿ ಮುಂದೆ! ಮಲ್ಪೆಯ ಕಡೆ ಗಾಳ ಹಾಕಿಕೊಂಡಿದ್ದವರು ಮೀಸೆ ಮೂಡುವ ಮೊದಲೇ ಮುಂಬಯಿ ರೈಲು ಹತ್ತಿದ್ದರು. ಆಮೇಲೆ ಮೂವತ್ತು ವರ್ಷಕ್ಕೂ ಮೇಲೆ ದೋಸೆ ಹೊಯ್ದದ್ದೇ ಹೊಯ್ದದ್ದು. ಕಾವಲಿಯ ಮುಂದೆ ನಿಂತವರೆಲ್ಲ ಭಟ್ಟರೇ ಎಂದು ನಂಬಿದ ಬೆಂಗಳೂರು ಗಿರಾಕಿಗಳು "ಭಟ್ರೇ, ಒಂದು ಮಸಾಲೆ" ಅನ್ನುತ್ತಿದ್ದರು. ಭಟ್ಟರು ಬಂಗುಡೆ ತಿಂದು ಕೈ ತೊಳೆದು ಬಂದಿರುತ್ತಿದ್ದರು!

ಮದುವೆಯಾಗದ ಮಾವ ನಮ್ಮ ಮನೆಯಲ್ಲೇ ಇದ್ದರು. ರಜೆಯ ದಿನ ನನ್ನನ್ನು ಕಟ್ಟಿಕೊಂಡು ಮೀನು ಮಾರ್ಕೆಟಿಗೆ ಹೋಗುತ್ತಿದ್ದರು. ಕೊಳ್ಳುವುದಕ್ಕಿಂತ ವಿಚಾರಣೆಯೇ ಜಾಸ್ತಿ. ಒಂದು ಸಲ ಮೀನಿನ ಕಿವಿರು ಎತ್ತಿ ನೋಡಿ ಕೇಳಿದರು, "ಮಾವಶಿ, ಹಾ ಕಧೀ ಮೇಲಾ?" ಇದು ಯಾವಾಗ ಸತ್ತದ್ದು ಅಂತ.

ಮೀನು ಮಾರುವ ಹೆಂಗಸು ಕತ್ತಿ ಎತ್ತಿಕೊಂಡೇ ಹೇಳಿದಳು, "ತುಝ್ಯಾ ಲಗ್ನಾಚ್ಯಾ ದಿವಶಿ!" ನಿನ್ನ ಮದುವೆ ದಿನ ಸತ್ತದ್ದು!

ಮಾವ ನನ್ನ ಕಡೆ ತಿರುಗಿ, "ಹಾಗಾದ್ರೆ ಇದಕ್ಕೆ ಇನ್ನೂ ಜೀವ ಉಂಟು" ಎಂದು ಎರಡು ಕೊಂಡರು.

ಮನೆಯಲ್ಲಿ ಒಂದು ತಗಡಿನ ಡಬ್ಬಿ ಇತ್ತು. ಅದರೊಳಗೆ ಮರದ ತುಂಡಿಗೆ ಸುತ್ತಿದ ನೈಲಾನ್ ದಾರ, ಸೀಸದ ಗುಂಡು, ನಾಲ್ಕು ಗಾಳ. ಆ ಡಬ್ಬಿ ಈಗ ನನ್ನ ಗ್ಯಾರೇಜಿನಲ್ಲಿ ಸ್ಪ್ಯಾನರುಗಳ ಪಕ್ಕ ಇದೆ. ನಾನು ಚಿಕ್ಕವನಿದ್ದಾಗ ಮಾವ ಎರಡನೇ ಮಾಳಿಗೆಯ ಗ್ಯಾಲರಿಯಿಂದ ದಾರ ಇಳಿಬಿಡುತ್ತಿದ್ದರು. ನಾನು ಕೆಳಗೆ ನಿಂತು ಮೀನಾಗಬೇಕು. ಮೆಲ್ಲ ಎರಡು ಸಲ ಎಳೆದರೆ ಮೇಲಿಂದ ಕೂಗು ಬರುತ್ತಿತ್ತು, "ಕೊಡ್ಡಾಯಿ!" ಉಗುರಿನಿಂದ ಕೆರೆದರೆ, "ಏಡಿ! ಮೋಸ ಮಾಡ್ಬೇಡ!" ಒಮ್ಮೆಯೂ ತಪ್ಪಿದ್ದಿಲ್ಲ. ಒಂದು ದಿನ ಕೆಳಗಿನ ಮನೆಯ ಮರಾಠಿ ಹೆಂಗಸು, ನಾವು ಕಾಕು ಅನ್ನುತ್ತಿದ್ದವಳು, ಒಣಗಲು ಹಾಕಿದ ಸೀರೆಗೆ ಗಾಳ ಸಿಕ್ಕಿತು. ಮಾವ ಭಾರೀ ಮೀನೆಂದು ಎಳೆದೇ ಎಳೆದರು. ಮೇಲೆ ಬಂದದ್ದು ಹಸಿರು ಸೀರೆ, ಅದರ ಹಿಂದೆ ಮೆಟ್ಟಿಲು ಹತ್ತಿ ಕಾಕು!

ನಾನು ದೊಡ್ಡವನಾಗುತ್ತಾ ಬಂದ ಹಾಗೆ ಆಟ ತಿರುವುಮುರುವಾಯಿತು. ಮಾವನೇ ಕೆಳಗೆ ನಿಂತು ಎಳೆಯುತ್ತಿದ್ದರು, ನಾನು ಮೇಲೆ ದಾರ ಹಿಡಿದು ಹೇಳಬೇಕಿತ್ತು. ನನಗೆ ಕಲಿಸುತ್ತಿದ್ದಾರೆ ಎಂದುಕೊಂಡಿದ್ದೆ. ನನ್ನ ಬುದ್ಧಿ ಅಷ್ಟೇ.

ಚಹಾದ ವಿಷಯ ಬೇರೆಯೇ. ಕುದಿಯುವ ಚಹಾವನ್ನು ಸ್ಟೀಲ್ ಲೋಟಕ್ಕೆ ಹೊಯ್ದು, ಬರಿಗೈಯಲ್ಲಿ ತುಂಬಾ ಹೊತ್ತು ಹಿಡಿದುಕೊಂಡು, ಆಮೇಲೆ ನಮಗೆ ಕೊಡುತ್ತಿದ್ದರು. ನಾವು ಕಿರುಚಿ ಕೈಬಿಟ್ಟರೆ, "ಎಂತ, ನಿಮ್ಮದು ಕೈಯಾ, ಮಲ್ಲಿಗೆ ಹೂವಾ?" ಎಂದು ಗೇಲಿ. ಅಮ್ಮ ಸೆರಗು ಹಿಡಿದು ಲೋಟ ತೆಗೆದುಕೊಳ್ಳುತ್ತಿದ್ದಳು, ನಾನು ಅಂಗಿಯ ಅಂಚು ಹಿಡಿದು. ಕುಕ್ಕರು ಇಳಿಸುವುದೂ ಬರಿಗೈಯಲ್ಲೇ. ಅಮ್ಮ ನೆಂಟರಿಗೆಲ್ಲ ಹೇಳಿಕೊಳ್ಳುತ್ತಿದ್ದಳು, "ನಮ್ಮ ಅಣ್ಣನಿಗೆ ಇಕ್ಕಳ ಬೇಡ."

ಆಧಾರ್ ಕಾರ್ಡ್ ಮಾಡಿಸಲು ಹೋದಾಗ ಮಷಿನ್ನು ಮಾವನ ಬೆರಳನ್ನು ಒಪ್ಪಲೇ ಇಲ್ಲ. ಕೈ ತೊಳೆದು ಬಾ ಅಂದರು, ತೊಳೆದರು. ಒರೆಸಿ ಬಾ ಅಂದರು, ಒರೆಸಿದರು. ಕೊನೆಗೆ ಮಷಿನ್ನಿನ ಮುಂದೆ ಕೂತಿದ್ದ ಹುಡುಗಿ ಮಾವನ ಬೆರಳನ್ನು ಬೆಳಕಿಗೆ ಹಿಡಿದು ನೋಡಿ, "ಕಾಕಾ, ಇಧರ್ ತೋ ಲಕೀರ್‌ಚ್ ನಹೀ ಹೈ!" ಅಂದಳು. ಗೆರೆಯೇ ಇಲ್ಲ! ಕಾವಲಿ ತಿಂದುಹಾಕಿತ್ತು.

ಮಾವ ಲೈನಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ನಕ್ಕರು. "ಇನ್ನು ಯಾರ ಮನೆಯಲ್ಲಿ ಕದ್ರೂ ನಾನು ಪೊಲೀಸರಿಗೆ ಸಿಗುದಿಲ್ಲ!"

ಬರುವಾಗ ಲೋಕಲ್‌ನಲ್ಲಿ ರೈಲಿನ ಕಿಟಕಿ ಸೀಟು ಸಿಕ್ಕಿತ್ತು. ಮಾವ ಹೊರಗೆ ನೋಡಲಿಲ್ಲ. ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತಾ ಕೂತಿದ್ದರು. ನಿದ್ದೆ ಬಂದಿದೆ ಎಂದುಕೊಂಡೆ.

ಮಾವ ಕೆಲಸ ಬಿಟ್ಟದ್ದು ಎರಡು ಸಾವಿರದ ಹದಿನೈದರ ಸುಮಾರಿಗೆ. ಐರೋಲಿಯ ಕಂಪ್ಯೂಟರ್ ಕಂಪನಿಯಲ್ಲಿದ್ದ ಬೆಂಗಳೂರಿನ ಒಬ್ಬ ಗಿರಾಕಿ ಪ್ರತಿ ಭಾನುವಾರ ಮಾವನ ದೋಸೆ ತಿಂದು, ಜೊತೆಗೆ ಮೀನಿನ ಕತೆಯನ್ನೂ ತಿಂದವನು. ಅವನು ಆಗ ನಮ್ಮ ಮನೆಗೆ ಬಂದು ಹೇಳಿದ, "ಭಟ್ರೇ, ಉರಣ್ ಕಡೆಯಿಂದ ಬೋಟಲ್ಲಿ ಫಿಶಿಂಗಿಗೆ ಕರ್ಕೊಂಡ್ ಹೋಗ್ತಾರೆ. ಗೈಡ್ ಇರ್ತಾನೆ. ನಿಮ್ಮನ್ನ ನಾನು ಕರ್ಕೊಂಡ್ ಹೋಗ್ತೀನಿ. ಮೀನು ಏನ್ ಮಾತಾಡತ್ತೆ ನಾನೂ ಕೇಳ್ಬೇಕು."

ಮಾವನಿಗೆ ಖುಷಿಯಾಗಬೇಕಲ್ಲ? ಒಂದು ವಾರ ನೆಪ ಹೇಳಿದರು. ಸೊಂಟ ನೋವು ಅಂದರು. ಮೋಡ ಉಂಟು ಅಂದರು. "ಇಷ್ಟು ವರ್ಷ ಕೊಚ್ಚಿಕೊಂಡದ್ದು ಸುಳ್ಳಾ?" ಎಂದು ನಾನು ಮುಖಕ್ಕೇ ಕೇಳಿದೆ. ನನಗೆ ಬಾಯಿಗೆ ಬಂದದ್ದು ನಿಲ್ಲುವುದಿಲ್ಲ. ಮಾವ ಡಬ್ಬಿ ಕೆಳಗಿಳಿಸಿದರು. ನಾನೂ ಜೊತೆಗೆ ಹೊರಟೆ.

ಬೋಟಿನಲ್ಲಿ ಗೈಡ್ ನಮಗೆಲ್ಲ ಕಿತ್ತಳೆ ಬಣ್ಣದ ಜಾಕೆಟು ತೊಡಿಸಿ ಒಂದೊಂದು ಗಾಳದ ರಾಡ್ ಕೊಟ್ಟ. ಮಾವ ಮುಟ್ಟಲಿಲ್ಲ. ತಮ್ಮ ಡಬ್ಬಿ ತೆಗೆದರು.

"ಕಾಕಾ, ಡೋರೀ ಸೇ ಹಾತ್ ಕಟೇಗಾ," ಕೈ ಕುಯ್ಯುತ್ತದೆ ಎಂದ ಗೈಡ್.

"ಮೇರಾ ಹಾತ್ ಕೋ ಕುಚ್ ನಹೀ ಹೋತಾ," ನನ್ನ ಕೈಗೆ ಏನೂ ಆಗುವುದಿಲ್ಲ ಅಂದರು ಮಾವ. ನಮ್ಮ ಕಡೆ ತಿರುಗಿ, "ರಾಡಲ್ಲಿ ಮೀನು ಹಿಡಿಯುದು ಅಂದ್ರೆ ವಕೀಲನ್ನ ಇಟ್ಟು ಮಾತಾಡಿದ ಹಾಗೆ. ನಂದು ನೇರ."

ಲಂಗರು ಬಿತ್ತು. ಸಿಗಡಿ ಚೂರು ಸಿಕ್ಕಿಸಿ ಸೀಸದ ಗುಂಡನ್ನು ತಳಕ್ಕೆ ಬಿಟ್ಟೆವು. ಬೆಂಗಳೂರಿನವನು ಒಂದು ಸಲ ವಾಂತಿ ಮಾಡಿ ಎರಡು ಮೀನು ಹಿಡಿದ. ನಾನು ಒಂದು ಹಿಡಿದೆ. ಮಾವನ ಗಾಳ ಪ್ರತಿ ಸಲವೂ ಖಾಲಿ, ತೊಳೆದಿಟ್ಟ ತಟ್ಟೆಯ ಹಾಗೆ!

"ಏನ್ ಭಟ್ರೇ, ಇವತ್ತು ಮೌನವ್ರತಾನಾ?"

"ಮಹಾರಾಷ್ಟ್ರದ ಮೀನಲ್ವಾ? ಮರಾಠಿಯಲ್ಲಿ ಮಾತಾಡ್ತದೆ. ಸ್ವಲ್ಪ ಹೊತ್ತು ಬೇಕು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಮಾವನ ದಾರ ನೋಡಿದೆ. ದಾರ ಕುಣಿಯುತ್ತಿತ್ತು! ನೀರಿನಲ್ಲಿ ಎಡಕ್ಕೂ ಬಲಕ್ಕೂ ಎಳೆದಾಡುತ್ತಿತ್ತು. ಮಾವ ದೂರದ ಹಡಗು ನೋಡುತ್ತಾ, "ಇನ್ನೂ ಯಾರೂ ಬರ್ಲಿಲ್ಲ" ಅಂದರು.

"ಕಾಕಾ! ಖೀಂಚೋ!" ಗೈಡ್ ಕೂಗಿದ. ಮಾವ ಎಳೆಯುವಷ್ಟರಲ್ಲಿ ದಾರ ಸಡಿಲವಾಗಿತ್ತು. ತೋರುಬೆರಳು ಅಡ್ಡಕ್ಕೆ ಕುಯ್ದು ರಕ್ತ ಬರುತ್ತಿತ್ತು. ಅದು ಮಾವನಿಗೆ ಗೊತ್ತಾದದ್ದು ಅಂಗಿಯ ಮೇಲೆ ಕಲೆ ಬಿದ್ದಾಗ.

ಚಹಾದ ಲೋಟ, ಕುಕ್ಕರು, ಗ್ಯಾಲರಿಯಲ್ಲಿ ತಿರುವುಮುರುವಾದ ಆಟ, ಲೋಕಲ್‌ನ ಕಿಟಕಿ, ಎಲ್ಲ ನನ್ನ ತಲೆಯಲ್ಲಿ ಒಟ್ಟಿಗೆ ಬಂದು ನಿಂತವು. ನಾವು ಇಷ್ಟು ವರ್ಷ ನಕ್ಕದ್ದು ಯಾವುದಕ್ಕೆ?

ನಾನು ರಾಡ್ ಕೆಳಗಿಟ್ಟು ಹೋಗಿ ಮಾವನ ಪಕ್ಕ ಕೂತೆ. ಮಾವ ಬೆರಳಿಗೆ ಕರ್ಚೀಫು ಸುತ್ತಿ, ಹೊಸ ಸಿಗಡಿ ಸಿಕ್ಕಿಸಿ, ಗಾಳ ಇಳಿಸಿದರು. ಆಮೇಲೆ ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಅಂದರು, "ನಿನ್ನ ಬೆರಳು ಕೊಡು."

ಕೊಟ್ಟೆ. ಅದರ ಮೇಲೆ ದಾರ ಹಾಯಿಸಿದರು.

"ಎಂತ ಹೇಳ್ತದೆ?"

"ಕೆರೀತಾ ಉಂಟು."

"ಏಡಿ. ಬಿಡು. ಈಗ?"

"ಏನಿಲ್ಲ... ಮಾವ, ಮೆಲ್ಲ ಎಳೀತು. ಇನ್ನೊಂದು ಸಲ."

"ಆಮೇಲೆ?"

"ಸುಮ್ಮನಾಯ್ತು."

"ಆಲೋಚನೆ ಮಾಡ್ತಾ ಉಂಟು." ಮಾವ ಕಣ್ಣು ಮುಚ್ಚಿಕೊಂಡರು. "ಗಡಿಬಿಡಿ ಮಾಡ್ಬೇಡ. ಈಗ ಬರ್ತದೆ ನೋಡು."

ನನ್ನ ಬೆರಳು ಕಿತ್ತುಹೋಗುವ ಹಾಗೆ ಒಂದು ಎಳೆತ!

"ಕೊಡ್ಡಾಯಿ! ಎಳಿ!" ಮಾವ ಕೂಗಿದರು.

ನಾಲ್ಕು ಕೈ ಸೇರಿ ಎಳೆದೆವು. ಬೋಟಿನ ಹಲಗೆಯ ಮೇಲೆ ಬಿತ್ತು ಬೆಳ್ಳಿಯ ಬಣ್ಣದ ಕೊಡ್ಡಾಯಿ, ಮೊಣಕೈ ಉದ್ದದ್ದು. ಬಿದ್ದದ್ದೇ ಹೊಟ್ಟೆಯೊಳಗಿಂದ ಗೊರ್ ಗೊರ್ ಎಂದು ಸದ್ದು ಮಾಡಿತು! ಆ ಜಾತಿಯ ಮೀನು ನಿಜವಾಗಿಯೂ ಹಾಗೆ ಗೊರಗುಟ್ಟುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

"ಸೂಪರ್ ಭಟ್ರೇ! ಕೊಡ್ಡಾಯಿ ಅಂತ ಹೆಂಗ್ ಗೊತ್ತಾಯ್ತು?" ಬೆಂಗಳೂರಿನವನು ಕೂಗಿದ.

"ಹೇಳಿತಲ್ಲ ಅದೇ," ಅಂದರು ಮಾವ. ಯಾರಿಗೆ ಹೇಳಿತು ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ವಾಪಸು ಬರುವಾಗ ಗೈಡ್ ಸ್ಟವ್ ಹಚ್ಚಿ ಚಹಾ ಮಾಡಿದ. ಮಾವ ಯಾವತ್ತಿನ ಹಾಗೆ ಎರಡು ಸ್ಟೀಲ್ ಲೋಟ ಬರಿಗೈಯಲ್ಲಿ ಹಿಡಿದುಕೊಂಡು ಬಂದರು. ನಾನು ಯಾವತ್ತಿನ ಹಾಗೆ ಅಂಗಿಯ ಅಂಚಿಗೆ ಕೈ ಹಾಕಿದೆ. ಮಾವ ಕೊಡಲು ಚಾಚಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿ ಲೋಟವನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಬಿಸಿ ಉಂಟಾ?"

ಅಷ್ಟು ವರ್ಷದಲ್ಲಿ ಅದನ್ನು ಕೇಳಿದ್ದು ಅದೇ ಮೊದಲು. ನಾನು ತೋರುಬೆರಳಿನಿಂದ ಲೋಟ ಮುಟ್ಟಿದೆ.

"ಉಂಟು ಮಾವ. ಸ್ವಲ್ಪ ತಡೀರಿ."

ಮಾವ ಎರಡೂ ಲೋಟ ಹಲಗೆಯ ಮೇಲಿಟ್ಟು ಪಕ್ಕದಲ್ಲಿ ಕೂತರು. ಆರುವವರೆಗೆ ಇಬ್ಬರೂ ಕಾದೆವು.