ಕಂಪ್ಯೂಟರಿಗೆ ಕುಳೆ ಬಿಟ್ಟ ಕಥೆ

ಯಾವ ತರಗತಿಗೆ ಎಷ್ಟು ಕಂಪ್ಯೂಟರ್ ಪಾಠ ಹೇಳಬೇಕು ಎಂದು ನಮ್ಮೂರ ಹೈಸ್ಕೂಲಿಗೆ ಯೋಜನೆ ಹಾಕಿಕೊಟ್ಟವಳು ನಾನು. ನಗಬೇಡಿ. ಶಾಲಾ ಸಮಿತಿಗೆ ನಾನೇ ಅಧ್ಯಕ್ಷೆ. ಊರಿನ ಎರಡು ಪಾರ್ಟಿಯವರು ಖುರ್ಚಿಗಾಗಿ ಬಡಿದಾಡಿ, ಕೊನೆಗೆ ಯಾರಿಗೂ ಬೇಡದ ನನ್ನನ್ನು ಅದರಲ್ಲಿ ಕೂರಿಸಿದರು. ಓದು ಬರಹವೇ? ಸಹಿ ಮಾಡುತ್ತೇನೆ, ಬಸ್ಸಿನ ಬೋರ್ಡು ಓದುತ್ತೇನೆ. ಮುಧೋಳಕ್ಕೆ ಹೊರಟು ಜಮಖಂಡಿಯಲ್ಲಿ ಇಳಿದದ್ದು ಒಂದೇ ಸಲ!

ಮೀಟಿಂಗಿನಲ್ಲಿ ಹೆಡ್ ಮಾಸ್ತರರು ಗೋಳು ತೋಡಿಕೊಂಡರು. "ಅಮ್ಮಾರ, ಕಂಪ್ಯೂಟರ್ ಕಲಸೋ ಅಕ್ಕಾರು ಒಬ್ರ ಅದಾರ್ರಿ. ಎಂಟು, ಒಂಬತ್ತು, ಹತ್ತು, ಮೂರೂ ಕ್ಲಾಸಿಗೆ ಪಿರೇಡ್ ಸಾಲವಲ್ವು. ಯಾವ ವರ್ಸ ಏನ ಕಲಸೂದು, ನೀವ ಹೇಳ್ರಿ."

ಅವರು ಮರ್ಯಾದೆಗೆ ಕೇಳಿದ್ದರು. ನಾನು ಉತ್ತರ ಕೊಟ್ಟುಬಿಟ್ಟೆ!

"ಕಬ್ಬಿನಂಗ ಮಾಡ್ರಿ. ಎಂಟನೇತ್ತಾಗ ನಾಟಿ ಮಾಡ್ರಿ. ಒಂಬತ್ತನೇತ್ತಾಗ ಕುಳಿ ಬಿಡ್ರಿ. ಹತ್ತನೇತ್ತಾಗ ಕಡೀರಿ."

ಕಡಿದ ಕಬ್ಬಿನ ಬುಡ ಹಾಗೇ ಬಿಟ್ಟರೆ ಮರುವರ್ಷ ತಾನೇ ಚಿಗುರುತ್ತದಲ್ಲ, ಅದು ಕುಳೆ, ನಮ್ಮ ಬಾಯಲ್ಲಿ ಕುಳಿ. ಬೀಜ ಬೇಡ, ನಾಟಿ ಬೇಡ. ಎಂಟರಲ್ಲಿ ಊರಿದ ವಿದ್ಯೆ ಒಂಬತ್ತರಲ್ಲಿ ತಾನೇ ಏಳಬೇಕು. ಮತ್ತೆ ಕಂಪ್ಯೂಟರ್ ಯಾಕೆ ಮುಟ್ಟಬೇಕು? ಸಭೆ ಬೆರಗಾಯಿತು. ಕಂಪ್ಯೂಟರ್ ಅಕ್ಕಾರು ಮಾತ್ರ "ಅಮ್ಮಾರ, ಅದು ಹಂಗ..." ಎಂದು ಬಾಯಿ ತೆರೆದರು. ಅಷ್ಟರಲ್ಲಿ ಚಹಾ ಬಂತು. ಯೋಜನೆ ಪಾಸಾಯಿತು.

ಮನೆಗೆ ಬಂದರೆ ಮೊಮ್ಮಗಳು ಭಾಗ್ಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಆಗಷ್ಟೇ ಒಂಬತ್ತಕ್ಕೆ ಕಾಲಿಟ್ಟವಳು. ಎಂಟರಲ್ಲಿದ್ದಾಗ ಕಂಪ್ಯೂಟರಿನಲ್ಲಿ ಒಂದು ಬೇಟೆನಾಯಿ ಮಾಡಿದ್ದಳು. ಗುಂಡಿ ಒತ್ತಿದರೆ ಅದು ಮೊಲವನ್ನು ಅಟ್ಟಿಸಿಕೊಂಡು ಓಡುತ್ತಿತ್ತು. ಮುಧೋಳದಲ್ಲಿ ನಡೆಯುವ ಮಕ್ಕಳ ಸ್ಪರ್ಧೆಯಲ್ಲಿ ಅದೇ ನಾಯಿಯಿಂದ ಗೆಲ್ಲಬೇಕೆಂಬುದು ಅವಳ ಹಟ.

"ಆಯಿ, ನಮ್ಮ ಪಿರೇಡ್ ನೀನ ತಗಸಿಯಂತ, ಖರೇನ?"

"ತಗಸಿಲ್ಲ. ಕುಳಿ ಬಿಟ್ಟೇನಿ."

"ಮತ್ತ ನನ್ನ ನಾಯಿ?"

"ಅದೂ ಚಿಗೀತೈತಿ, ನಡಿ."

ಸ್ಪರ್ಧೆ ಬಂತು. ಎಲ್ಲವನ್ನೂ ಅಲ್ಲೇ ಕುಳಿತು ಹೊಸದಾಗಿ ಮಾಡಿ ತೋರಿಸಬೇಕಂತೆ. ನಾನು ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕುಳಿತು, ಪಕ್ಕದ ಹೆಂಗಸಿಗೆ "ಆ ಹುಡುಗಿ ಹೈಸ್ಕೂಲಿಂದು ಕಂಪ್ಯೂಟರ್ ಯೋಜನಾ ನಂದ ಐತ್ರಿ" ಎಂದು ಹೇಳಿಕೊಂಡೆ. ಹೇಳಬಾರದಿತ್ತು.

ತಿಂಗಳುಗಟ್ಟಲೆ ಕಂಪ್ಯೂಟರ್ ಮುಟ್ಟದ ಹುಡುಗಿ ತಡಕಾಡಿ ತಡಕಾಡಿ ಅಂತೂ ನಾಯಿ ನಿಲ್ಲಿಸಿದಳು, ಮೊಲ ನಿಲ್ಲಿಸಿದಳು. ಗುಂಡಿ ಒತ್ತಿದಳು. ನಾಯಿ ಹಿಂದಕ್ಕೆ ಓಡಿತು! ಮೊಲ ತನ್ನ ಬಾಲ ಮುಂದೆ ಮಾಡಿಕೊಂಡು ಅದನ್ನು ಅಟ್ಟಿಸಿಕೊಂಡು ಹೋಯಿತು! ಮುಧೋಳದಲ್ಲಿ, ನಾಯಿಗೇ ಹೆಸರಾದ ಊರಿನಲ್ಲಿ, ನಾಯಿಗೆ ಇಂಥ ಅವಮಾನ! ಜನ ಬಿದ್ದು ಬಿದ್ದು ನಕ್ಕರು. ಪಕ್ಕದ ಹೆಂಗಸು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಯೋಜನಾ ನಿಮ್ದ ಅಂದ್ರೆಲ್ರಿ?"

ಬಹುಮಾನ ಬೇರೆ ಯಾರಿಗೋ ಹೋಯಿತು. ತಿರುಗಿ ಬರುವಾಗ ಬಸ್ಸಿನಲ್ಲಿ ಸುಮ್ಮನಿರಲಾರದೆ ನಾನೇ ಭಾಗ್ಯಳನ್ನು ಕೆಣಕಿದೆ.

"ಒಮ್ಮಿ ಊರಿದ್ದು ಯಾಕ ಚಿಗೀಲಿಲ್ಲ ಬೇ?"

"ಕುಳಿಗೆ ನೀರರ ಬಿಡ್ತಾರ ಆಯಿ, ಗೊಬ್ಬರರ ಹಾಕ್ತಾರ. ನೀ ನಮ್ಮ ಕ್ಲಾಸಿಗೆ ಕಂಪ್ಯೂಟರ್ ಖೋಲಿ ಬಾಗಲಾನ ಮುಚ್ಚಿಸಿದಿ!"

ಹುಟ್ಟಿದಾಗಿನಿಂದ ಕಬ್ಬಿನ ನಡುವೆಯೇ ಬೆಳೆದವಳಿಗೆ ಕುಳೆಯ ಪಾಠ! ಅದೂ ಕಂಡಕ್ಟರ್ ಕೇಳುವ ಹಾಗೆ! ಮುಖ ತಿರುಗಿಸಿ ಕಿಟಕಿಯಾಚೆ ನೋಡಿದೆ. ಅಲ್ಲಿಯೂ ಯಾರೋ ಕುಳೆಗೆ ನೀರು ಹಾಯಿಸುತ್ತಿದ್ದರು.

ಮುಂದಿನ ಮೀಟಿಂಗಿನಲ್ಲಿ, ಕಡಿಮೆಯಾದರೂ ಸರಿ, ಮೂರೂ ತರಗತಿಗೆ ವಾರವಾರ ಪಾಠ ಎಂದು ತೀರ್ಮಾನವಾಯಿತು. "ಹಂಗಾರ ಹತ್ತನೇತ್ತಾಗ..." ಎಂದು ನಾನು ಶುರು ಮಾಡುವಷ್ಟರಲ್ಲಿ ಕಂಪ್ಯೂಟರ್ ಅಕ್ಕಾರು ಕೈಮುಗಿದರು.

"ಅಮ್ಮಾರ, ಈ ವರ್ಸ ನಿಮ್ಮ ಯೋಜನಾ ಒಂದೀಟು ಬೀಳು ಬಿಡೂಣ್ರಿ."

ಬಿಟ್ಟಿದ್ದೇನೆ. ಹೋಗುತ್ತೇನೆ, ಚಹಾ ಕುಡಿಯುತ್ತೇನೆ, ಸಹಿ ಮಾಡಿ ಬರುತ್ತೇನೆ.

ಭಾಗ್ಯಳ ನಾಯಿ ಈಗ ನೆಟ್ಟಗೆ ಮುಂದಕ್ಕೆ ಓಡುತ್ತದೆ. ಹಿಂದಕ್ಕೆ ಓಡುವ ನಾಯಿಯನ್ನೂ ಅವಳು ಅಳಿಸಿಲ್ಲ. ಗೆಳತಿಯರಿಗೆ ತೋರಿಸಿ ನಗಿಸಲು ಇಟ್ಟುಕೊಂಡಿದ್ದಾಳೆ. ಅದರ ಹೆಸರು ಗೌರವ್ವ.

ನನ್ನ ಹೆಸರೂ ಅದೇ.