ಬಿದ್ದವಳಿಗೇ ಎರಡು ನಿಮಿಷ

ಐಸ್ ಹಾಕಿ ಪಂದ್ಯದಲ್ಲಿ ರೆಫರಿಯಾಗುವಷ್ಟು ಸುಲಭದ ಕೆಲಸ ಈ ಪ್ರಪಂಚದಲ್ಲಿ ಇನ್ನೊಂದಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಹಾಗೆ ನಂಬುವುದಕ್ಕೆ ನಾನು ಕೂರುತ್ತಿದ್ದ ಜಾಗವೂ ಒಂದು ಕಾರಣ. ಗ್ಯಾಲರಿಯ ಮೂರನೆಯ ಸಾಲು, ತಲೆಯ ಮೇಲೆ ಹೀಟರು, ಕೈಯಲ್ಲಿ ಫ್ಲಾಸ್ಕಿನ ಕಾಫಿ, ಪಕ್ಕದಲ್ಲಿ ಹೆಂಡತಿ ಸವಿತಾ, ಅವಳ ತೊಡೆಯ ಮೇಲೆ ಚಕ್ಕುಲಿ ಡಬ್ಬಿ. ಅಲ್ಲಿಂದ ನೋಡಿದರೆ ಯಾರು ಯಾರನ್ನು ತಳ್ಳಿದರು, ಯಾರ ಕೋಲು ಯಾರ ಕಾಲಿಗೆ ಸಿಕ್ಕಿಕೊಂಡಿತು, ಎಲ್ಲವೂ ಸ್ಪಷ್ಟ. ಕಾಣಿಸದೆ ಇದ್ದದ್ದು ಕಪ್ಪುಬಿಳಿ ಪಟ್ಟೆ ಅಂಗಿಯ ಆ ರೆಫರಿಗೆ ಮಾತ್ರ.

ನಮ್ಮ ಮಗಳು ಧೃತಿಗೆ ಹನ್ನೊಂದು ವರ್ಷ. ಅಮೆರಿಕದ ಮಿಲ್ಪಿಟಾಸ್‌ನಲ್ಲಿ ನಮ್ಮ ಅಕ್ಕಪಕ್ಕದ ಮನೆಗಳ ಮಕ್ಕಳೆಲ್ಲ ಭರತನಾಟ್ಯ, ಚೆಸ್ಸು, ರೋಬಾಟಿಕ್ಸು ಎಂದು ಹಂಚಿಹೋಗಿದ್ದಾಗ, ಇವಳು ಹಿಮವೇ ಬೀಳದ ಊರಿನಲ್ಲಿ ಐಸ್ ಹಾಕಿಯೇ ಬೇಕೆಂದು ಹಟ ಹಿಡಿದಳು. ಫ್ರೀವೇ ಪಕ್ಕದ ಐಸ್ ಅಂಗಳದಲ್ಲಿ, ಅಂದರೆ ರಿಂಕಿನಲ್ಲಿ, ಮಕ್ಕಳದೊಂದು ಲೀಗು ನಡೆಯುತ್ತದೆ. ಅದರ ನೀಲಿ ಟೀಮಿಗೆ ಸೇರಿಸಿದೆವು. ನಾನು ಹಾಸನದವನು. ಐಸ್ ಎಂದರೆ ನನಗೆ ಸೈಕಲ್ ಮೇಲೆ ಡಬ್ಬದಲ್ಲಿ ಬರುತ್ತಿದ್ದ ಐಸ್ ಕ್ಯಾಂಡಿ. ಆದರೂ ಆಟದ ನಿಯಮಗಳನ್ನು ಇಂಟರ್ನೆಟ್ಟಿನಲ್ಲಿ ನೋಡಿ ಅರ್ಧದಷ್ಟು ಕಲಿತೆ. ಅರ್ಧ ಕಲಿತ ದಿನದಿಂದಲೇ ಕೂಗುವುದಕ್ಕೆ ಶುರು ಮಾಡಿದೆ.

ಕೂಗುವುದರಲ್ಲಿ ನನಗೊಂದು ಹೆಸರಿತ್ತು. ‘ರೆಫರಿ, ಕನ್ನಡಕ ಒರೆಸಿಕೊಂಡು ಬಾ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯ ನನ್ನ ಸ್ವಂತ ರಚನೆ. ಉಳಿದ ಅಪ್ಪ ಅಮ್ಮಂದಿರೂ ಅದನ್ನು ಮೆಚ್ಚಿ ಬಳಸುತ್ತಿದ್ದರು. ಒಂದು ದಿನ ಅದನ್ನು ಸ್ವಲ್ಪ ಹೆಚ್ಚು ಜೋರಾಗಿ, ಸ್ವಲ್ಪ ಹೆಚ್ಚು ಸಲ ಹೇಳಿಬಿಟ್ಟೆ. ಗ್ಯಾರಿ ಎಂಬ ಬಿಳಿ ಮೀಸೆಯ ಹಿರಿಯ ರೆಫರಿ ಆಟ ನಿಲ್ಲಿಸಿ ನನ್ನತ್ತ ಬೆರಳು ತೋರಿಸಿದ. ಅತಿಯಾಗಿ ಕೂಗಿದ ಪ್ರೇಕ್ಷಕ ಹೊರಗೆ ಹೋಗುವ ತನಕ ಮಕ್ಕಳ ಆಟ ಮುಂದುವರಿಯುವಂತಿಲ್ಲ. ಎರಡೂ ಟೀಮಿನ ಮಕ್ಕಳು ಕೋಲು ಊರಿಕೊಂಡು ನಿಂತು, ನಾನು ಫ್ಲಾಸ್ಕಿನ ಸಮೇತ ಮೆಟ್ಟಿಲು ಇಳಿಯುವುದನ್ನು ಆಸಕ್ತಿಯಿಂದ ನೋಡಿದರು. ಧೃತಿ ಮಾತ್ರ ನೋಡಲಿಲ್ಲ, ತಲೆ ಎತ್ತಿ ಸ್ಕೋರ್‌ಬೋರ್ಡು ನೋಡುತ್ತಿದ್ದಳು.

ಆಟ ಮುಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ಗ್ಯಾರಿಯೇ ನನ್ನ ಹತ್ತಿರ ಬಂದ. ಜಗಳಕ್ಕೆ ಬಂದನೆಂದುಕೊಂಡೆ. ಅವನು ಸಮಾಧಾನವಾಗಿ, ಗ್ಯಾಲರಿಯ ಬೈಗುಳ ತಡೆಯಲಾರದೆ ರೆಫರಿಗಳೆಲ್ಲ ಬಿಟ್ಟುಹೋಗುತ್ತಿದ್ದಾರೆ, ನಿನಗೆ ಎಲ್ಲವೂ ಅಷ್ಟು ಚೆನ್ನಾಗಿ ಕಾಣಿಸುವುದರಿಂದ ನೀನೇ ಯಾಕೆ ಬರಬಾರದು ಎಂದು ಕೇಳಿದ. ಅದರಲ್ಲಿ ವ್ಯಂಗ್ಯವಿತ್ತೆಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಕಾರಿನಲ್ಲಿ ಧೃತಿಯ ತೀರ್ಪು ಹೊರಬಂತು.

“ಅಪ್ಪಾ, ಇನ್ನೊಂದ್ ಸಲ ಕೂಗಿದ್ರೆ ಯು ಆರ್ ನಾಟ್ ಕಮಿಂಗ್ ಟು ಮೈ ಗೇಮ್ಸ್. ಎವರ್.”

ಕೂಗದೆ ಕೂರುವುದು ನನ್ನಿಂದ ಆಗದು. ಅವಳ ಆಟ ನೋಡದೆ ಇರುವುದೂ ಆಗದು. ಉಳಿದದ್ದು ಒಂದೇ ದಾರಿ. ರೆಫರಿಯನ್ನು ರಿಂಕಿನಿಂದ ಹೊರಗೆ ಹಾಕುವವರು ಯಾರಿದ್ದಾರೆ? ನಾನು ಕೋರ್ಸಿಗೆ ಸೇರಿದೆ.

ಲಿಖಿತ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೆಂಟು. ಪರೀಕ್ಷೆಯ ವಿಷಯದಲ್ಲಿ ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸ್ಕೇಟಿಂಗ್ ಪರೀಕ್ಷೆ ಮಾತ್ರ ಕೊಂಚ ಬೇರೆ ರೀತಿ ನಡೆಯಿತು. ಧೃತಿ ಕಲಿಯುವಾಗ ಅವಳ ಹಿಂದೆಯೇ ಓಡಾಡಿ ನಾನೂ ಮುಂದಕ್ಕೆ ಹೋಗುವುದನ್ನು ಕಲಿತಿದ್ದೆ. ಎಡಕ್ಕೆ ತಿರುಗುವುದೂ ಬರುತ್ತಿತ್ತು.

“ನಿಲ್ಲೋದು?” ಎಂದು ಗ್ಯಾರಿ ಇಂಗ್ಲಿಷಿನಲ್ಲಿ ಕೇಳಿದ.

“ಗೋಡೆ ಇದೆಯಲ್ಲ,” ಎಂದೆ.

ಗ್ಯಾರಿ ತುಂಬ ಹೊತ್ತು ಗೋಡೆಯನ್ನೇ ನೋಡಿದ. ಆಮೇಲೆ ಸಹಿ ಹಾಕಿದ. ನಮ್ಮ ಬೇ ಏರಿಯಾದಲ್ಲಿ ರೆಫರಿಗಳ ಕೊರತೆ ಎಷ್ಟಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಪಟ್ಟೆ ಅಂಗಿ ಹಾಕಿಕೊಂಡು ತೆಗೆಸಿದ ಫೋಟೋವನ್ನು ಹಾಸನಕ್ಕೆ ಕಳಿಸಿದೆ. ಅಮ್ಮ ತಕ್ಷಣ ಫೋನು ಮಾಡಿ, “ಕೆಲ್ಸ ಹೋಯ್ತೇನೋ?” ಎಂದು ಕೇಳಿದರು.

ಆ ಅಂಗಿಯನ್ನು ಕಾರಿನ ಡಿಕ್ಕಿಯಲ್ಲೇ ಇಟ್ಟುಕೊಂಡು ಕರೆಗಾಗಿ ಕಾಯುತ್ತಿದ್ದೆ. ಕರೆ ಬಂದದ್ದು ಸೆಮಿಫೈನಲ್ಲಿನ ದಿನ, ಅದೂ ನಮ್ಮ ಧೃತಿಯ ಸೆಮಿಫೈನಲ್. ನೀಲಿ ಟೀಮು ಕೆಂಪು ಟೀಮನ್ನು ಸೋಲಿಸಿದರೆ ಮುಂದಿನ ಭಾನುವಾರ ಫೈನಲ್. ಫೈನಲ್ಲಿನಲ್ಲಿ ರಿಂಕಿನ ದೀಪಗಳನ್ನೆಲ್ಲ ಆರಿಸಿ, ಒಬ್ಬೊಬ್ಬರದೇ ಹೆಸರನ್ನು ಮೈಕಿನಲ್ಲಿ ಕೂಗಿ, ಒಂದೇ ಒಂದು ಬೆಳಕಿನಲ್ಲಿ ಐಸಿನ ಮೇಲೆ ಬಿಡುತ್ತಾರೆ. ಧೃತಿಗೆ ಟ್ರೋಫಿಗಿಂತ ಇದೇ ಮುಖ್ಯವಾಗಿತ್ತು. ಸ್ಕೂಲಿನಲ್ಲಿ ಡ್ರೂಟಿ, ಡಿರಿಟಿ ಎಂದೆಲ್ಲ ಕರೆಸಿಕೊಂಡ ಹುಡುಗಿ, ತನ್ನ ಹೆಸರನ್ನು ಹೇಗೆ ಹೇಳಬೇಕೆಂದು ಅನೌನ್ಸರಿಗೆ ಆಗಲೇ ಕೂತು ಪಾಠ ಹೇಳಿ ಬಂದಿದ್ದಳು.

ಬರಬೇಕಾದ ಎರಡನೆಯ ರೆಫರಿ ಫ್ರೀವೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ. ಗ್ಯಾರಿ ಒಲ್ಲದ ಮನಸ್ಸಿನಿಂದ ಗ್ಯಾಲರಿಯತ್ತ ನೋಡಿದ. ನಾನು ಆಗಲೇ ಎದ್ದು ನಿಂತಿದ್ದೆ. ಮಗಳ ಆಟಕ್ಕೆ ಅಪ್ಪ ರೆಫರಿಯಾಗಬಹುದೇ ಎಂದು ಅವನು ಎರಡೂ ಕೋಚ್‌ಗಳನ್ನು ಕೇಳಿದ. ಬೇರೆ ಯಾರೂ ಇಲ್ಲದ್ದರಿಂದ ಇಬ್ಬರೂ ಒಪ್ಪಿದರು. ಒಪ್ಪದೆ ಇದ್ದವಳು ಒಬ್ಬಳೇ.

“ಅಪ್ಪಾ, ಪ್ಲೀಸ್. ಇವತ್ ಬೇಡ.”

“ಐಸ್ ಮೇಲೆ ನಾನು ಅಪ್ಪ ಅಲ್ಲ ಪುಟ್ಟ, ರೆಫರಿ,” ಎಂದು ಗಂಭೀರವಾಗಿ ತಿದ್ದಿದೆ. ಆ ಮಾತನ್ನು ಅವಳು ಅಷ್ಟು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾಳೆಂದು ಆಗ ನನಗೆ ಗೊತ್ತಿರಲಿಲ್ಲ.

ಆಟ ಶುರು ಮಾಡುವುದು ರೆಫರಿಯ ಕೆಲಸ. ಪಕ್ಕು ಎಂದು ಕರೆಯುವ ಕಪ್ಪು ರಬ್ಬರ್ ಬಿಲ್ಲೆಯನ್ನು ಇಬ್ಬರು ಆಟಗಾರರ ನಡುವೆ ಬೀಳಿಸಿ ಹಿಂದೆ ಸರಿಯಬೇಕು. ಬೀಳಿಸಿದೆ. ಅದು ನನ್ನ ಕಾಲಿನ ಮೇಲೇ ಬಿತ್ತು. ಹಿಂದೆ ಸರಿಯುವುದು ಕೋರ್ಸಿನಲ್ಲಿ ಇತ್ತು, ಕಾಲಿನಲ್ಲಿ ಇರಲಿಲ್ಲ. ಪಂದ್ಯದ ಮೊದಲ ಕ್ಷಣದಲ್ಲೇ ನಾನು ಐಸಿನ ಮೇಲೆ ಕೂತಿದ್ದೆ.

ಎದ್ದು ನಿಂತಾಗ ಇನ್ನೊಂದು ಸಮಸ್ಯೆ ಎದುರಾಯಿತು. ಏದುಸಿರಿಗೆ ಹೆಲ್ಮೆಟ್ಟಿನೊಳಗೆ ಕನ್ನಡಕದ ಮೇಲೆ ಮಂಜು ಕವಿಯಿತು. ಪಕ್ಕು ಕಣ್ಣಿಗೆ ಕಾಣದಾದರೆ ರೆಫರಿ ಸೀಟಿ ಊದಿ ಆಟ ನಿಲ್ಲಿಸಬೇಕು ಎಂಬುದು ನಿಯಮ. ನಾನು ನಿಯಮ ಪಾಲಿಸುವವನು. ಊದಿದೆ. ಮತ್ತೆ ಊದಿದೆ. ಆಟ ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು. ಹಾಗೆ ಊದಿದ ಒಂದು ಸೀಟಿಯ ಮರುಕ್ಷಣದಲ್ಲೇ ಧೃತಿ ಹೊಡೆದ ಪಕ್ಕು ಗೋಲಿನೊಳಗೆ ಹೋಯಿತಂತೆ. ಸೀಟಿಯಾದ ಮೇಲೆ ಬಿದ್ದ ಗೋಲು ಲೆಕ್ಕಕ್ಕಿಲ್ಲ.

ಮೂರನೆಯ ಸಾಲಿನಿಂದ ಯಾರೋ ದೊಡ್ಡ ದನಿಯಲ್ಲಿ, ರೆಫರಿ ಕನ್ನಡಕ ಒರೆಸಿಕೊಂಡು ಬರಬೇಕೆಂದು ಸಲಹೆ ಕೊಟ್ಟರು. ನನ್ನದೇ ರಚನೆ, ನನ್ನದೇ ಸೀಟಿನಿಂದ. ಕೇಳುವ ಕಡೆ ನಿಂತಾಗ ಅದು ಅಷ್ಟೇನೂ ಒಳ್ಳೆಯ ವಾಕ್ಯವಲ್ಲ ಅನ್ನಿಸಿತು. ಅದಕ್ಕಿಂತ ಬೇಜಾರಿನ ಸಂಗತಿಯೆಂದರೆ, ಒರೆಸಿಕೊಂಡರೆ ನಿಜಕ್ಕೂ ಉಪಯೋಗವಾಗುತ್ತಿತ್ತು.

ಕೊನೆಯ ಹೊತ್ತಿಗೆ ಎರಡೂ ಟೀಮು ಸಮ. ಧೃತಿಗೆ ಪಕ್ಕು ಸಿಕ್ಕಿತು. ಎದುರಿಗೆ ಗೋಲ್‌ಕೀಪರಿನ ಹೊರತು ಯಾರೂ ಇಲ್ಲ. ಅವಳು ಹೊರಟಳು. ಹಿಂದಿನಿಂದ ಬಂದ ಕೆಂಪು ಟೀಮಿನ ಹುಡುಗನೊಬ್ಬ ಕೋಲು ಚಾಚಿ ಅವಳ ಕಾಲಿಗೆ ಸಿಕ್ಕಿಸಿ ಎಳೆದ. ಅವಳು ಬೋರಲು ಬಿದ್ದು, ಜಾರಿಕೊಂಡು ಹೋಗಿ ಗೋಡೆಗೆ ತಾಗಿ ನಿಂತಳು. ಆ ಹೊತ್ತಿಗೆ ನನ್ನ ಕನ್ನಡಕ ತಿಳಿಯಾಗಿತ್ತು. ಎಲ್ಲವನ್ನೂ ನೋಡಿದೆ, ಸೀಟಿ ಊದಿದೆ, ಅಪರಾಧಿಯ ಮುಖವನ್ನೂ ನೋಡಿದೆ. ಅವನು ವಿಹಾನ್.

ವಿಹಾನ್ ನಮ್ಮ ಸ್ನೇಹಿತರಾದ ಶೈಲಜಾ, ಪ್ರಕಾಶ್ ದಂಪತಿಯ ಮಗ. ಯುಗಾದಿಗೆ ಅವರ ಮನೆಯಲ್ಲೇ ಹೋಳಿಗೆ ತಿಂದು, ಬುತ್ತಿ ಬೇರೆ ಕಟ್ಟಿಸಿಕೊಂಡು ಬಂದಿದ್ದೆವು. ನಮ್ಮಲ್ಲಿ ಎರಡು ಮನೆಯ ಮಕ್ಕಳು ಜಗಳವಾಡಿದರೆ ಅನುಸರಿಸುವ ಕಾನೂನು ಓದುಗರಿಗೆ ಗೊತ್ತೇ ಇದೆ. ತಪ್ಪು ಯಾರದೇ ಇರಲಿ, ಬೈಯುವುದು ನಮ್ಮ ಮಗುವಿಗೆ. ಬೇರೆಯವರ ಮಗು ನಮ್ಮ ಮಗುವಿನ ಜುಟ್ಟು ಹಿಡಿದು ಜಗ್ಗುತ್ತಿದ್ದರೂ, ಜುಟ್ಟನ್ನು ಅಲ್ಲಿಗೆ ತೆಗೆದುಕೊಂಡು ಹೋದದ್ದೇಕೆ ಎಂದು ನಮ್ಮದನ್ನೇ ಗದರಿಸಬೇಕು. ಕೋರ್ಸಿನ ತೊಂಬತ್ತೆಂಟು ಅಂಕದ ಕೆಳಗೆ ಈ ಕಾನೂನು ಭದ್ರವಾಗಿ ಕೂತಿತ್ತು.

ಅಷ್ಟರಲ್ಲಿ ಶೈಲಜಾ ಗ್ಯಾಲರಿಯಿಂದ ಇಳಿದು ಗಾಜಿನ ಹತ್ತಿರಕ್ಕೇ ಬಂದಿದ್ದರು.

“ರಘು ಅವ್ರೇ, ನಮ್ಮವನ್ದೇ ತಪ್ಪು. ಅವನಿಗೇ ಕೊಡಿ ಪೆನಾಲ್ಟಿ.”

“ಅಯ್ಯೋ ಬಿಡಿ ಶೈಲಜಾ, ಮಕ್ಳು. ಇವ್ಳೂ ನೋಡ್ಕೊಂಡ್ ಹೋಗ್ಬೇಕಿತ್ತು.”

“ಇಲ್ಲ ಇಲ್ಲ, ಅವನು ಮನೇಲೂ ಹಿಂಗೇ.”

“ಇವ್ಳೇನ್ ಕಮ್ಮಿನಾ? ಬಿಡಿ, ನಾನ್ ನೋಡ್ಕೋತೀನಿ.”

ಅಪರಾಧ ತಮ್ಮ ಮಗುವಿನದೇ ಎಂದು ಎರಡೂ ಕಡೆಯವರು ಹಟ ಹಿಡಿದು ವಾದಿಸಿದ ಹಾಕಿ ಪಂದ್ಯ ಅಮೆರಿಕದಲ್ಲಿ ಇನ್ನೊಂದು ನಡೆದಿರಲಾರದು. ಈ ಉಪಚಾರದ ಸ್ಪರ್ಧೆಯಲ್ಲಿ ಸೋಲುವುದು ನನಗೆ ಇಷ್ಟವಿರಲಿಲ್ಲ. ಕೈ ಮೇಲೆತ್ತಿ ಧೃತಿಯನ್ನು ತೋರಿಸಿ, ತಪ್ಪು ಮಾಡಿದವರನ್ನು ಕೂರಿಸುವ ಪೆನಾಲ್ಟಿ ಬಾಕ್ಸಿಗೆ ಎರಡು ನಿಮಿಷ ಎಂದೆ.

ಗ್ಯಾರಿ ಆ ತುದಿಯಿಂದ ಬಂದು ಅವಳು ಮಾಡಿದ್ದೇನು ಎಂದು ಕೇಳಿದ.

“ಅಡ್ಡ ಹೋದಳು,” ಎಂದೆ.

“ಯಾವುದಕ್ಕೆ?”

“ಅವನ ಕೋಲಿಗೆ.”

ಒಬ್ಬ ರೆಫರಿಯ ತೀರ್ಪನ್ನು ಇನ್ನೊಬ್ಬ ಅಳಿಸುವುದು ಗ್ಯಾರಿಯ ಪದ್ಧತಿಯಲ್ಲ. ಅವನು ಒಮ್ಮೆ ಕಣ್ಣು ಮುಚ್ಚಿ ತೆರೆದ, ಅಷ್ಟೇ. ಗ್ಯಾಲರಿ ಮಾತ್ರ ಎದ್ದು ನಿಂತಿತ್ತು. ಎಲ್ಲ ದನಿಗಳ ಮೇಲೊಂದು ದನಿ ಅಚ್ಚ ಮಂಡ್ಯದ ಕನ್ನಡದಲ್ಲಿ ಕೇಳಿಬಂತು.

“ರೀ, ಬಿದ್ದಿರೋದು ನಿಮ್ ಮಗ್ಳು ಕಣ್ರೀ! ತಲೆ ನೆಟ್ಟಗೈತಾ?”

ಆ ಹೆಂಗಸನ್ನು ಹೊರಗೆ ಕಳಿಸಬೇಕೇ ಎಂದು ಗ್ಯಾರಿ ಕೇಳಿದ. ಅವಳು ನನ್ನ ಹೆಂಡತಿ ಎಂದೆ. ಅವಳನ್ನು ರಿಂಕಿನಿಂದ ಹೊರಗೆ ಹಾಕಿ ನಾನು ಮನೆಯ ಒಳಗೆ ಹೋಗುವುದು ಹೇಗೆ? ಗ್ಯಾರಿ ನನ್ನ ಭುಜ ತಟ್ಟಿ ದೂರ ಹೋದ. ಅಂದು ನನಗೆ ಸಿಕ್ಕ ಸಹಾನುಭೂತಿ ಅದೊಂದೇ.

ಧೃತಿ ಎದ್ದು ಬಂದು ನನ್ನೆದುರು ನಿಂತಳು.

“ರೆಫ್,” ಎಂದಳು. “ಐ ಫೆಲ್. ಬಿದ್ದಿದ್ದು ನಾನು.”

ಅಪ್ಪಾ ಎನ್ನಲಿಲ್ಲ. ನಾನೇ ಹೇಳಿಕೊಟ್ಟ ಶಿಸ್ತು. ಅವಳು ಬಾಕ್ಸಿನ ಕಡೆಗೆ ಹೋಗುವಾಗ ಅನೌನ್ಸರು ಮೈಕಿನಲ್ಲಿ ಶಿಕ್ಷೆಯನ್ನು ಸಾರಿದ. ಧೃತಿ ಎಂಬ ಹೆಸರನ್ನು ಒಂದು ಚೂರೂ ಕೆಡಿಸದೆ, ನಮ್ಮ ಹಾಸನದ ಮೇಷ್ಟ್ರುಗಳೂ ತಲೆದೂಗುವ ಹಾಗೆ ಹೇಳಿದ. ಅವಳ ಪಾಠ ಅವನಿಗೆ ಚೆನ್ನಾಗಿ ಬಂದಿತ್ತು.

ಅವಳು ಒಳಗಿದ್ದ ಆ ಎರಡು ನಿಮಿಷ ನೀಲಿ ಟೀಮಿನಲ್ಲಿ ಒಬ್ಬರು ಕಡಿಮೆ. ಕೆಂಪು ಟೀಮು ಗೋಲು ಹೊಡೆಯಿತು. ಹೊಡೆದವನು ವಿಹಾನ್. ಅಲ್ಲಿಗೆ ಫೈನಲ್ಲು ಹೋಯಿತು. ಕೊನೆಗೆ ಮಕ್ಕಳೆಲ್ಲ ಸಾಲಾಗಿ ಬಂದು ರೆಫರಿಗಳ ಕೈ ಕುಲುಕುವುದು ಪದ್ಧತಿ. ಧೃತಿಯೂ ಬಂದಳು. “ಗುಡ್ ಗೇಮ್, ರೆಫ್,” ಎಂದು ಕೈ ಕುಲುಕಿ ಮುಂದೆ ಹೋದಳು.

ಕಾರಿನಲ್ಲಿ ಸವಿತಾ ಚಕ್ಕುಲಿ ಡಬ್ಬಿಯನ್ನು ಹಿಂದಿನ ಸೀಟಿಗೆ ಕೊಟ್ಟಳು, ಮುಂದಿನ ಸೀಟಿಗೆ ಕೊಡಲಿಲ್ಲ. ಫ್ರೀವೇಯಿಂದ ಇಳಿಯುವಾಗ ಧೃತಿ ಬಾಯಿ ತೆರೆದಳು.

“ವಿಹಾನ್ ತಪ್ಪು ಅಂತ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ದೆನ್ ವೈ ಮೀ?”

“ಅವ್ನು ಬೇರೆಯವರ ಮಗು, ಪುಟ್ಟ. ಬೇರೆಯವರ ಮಕ್ಕಳಿಗೆ ನಾವು ಬೈಯಲ್ಲ.”

ಅವಳು ಒಂದು ಚಕ್ಕುಲಿ ಮುರಿದಳು.

“ಸೋ, ಪ್ರಕಾಶ್ ಅಂಕಲ್ ರೆಫರಿ ಆಗಿದ್ದಿದ್ರೆ ನಾವು ಗೆಲ್ತಿದ್ವಿ.”

ಸವಿತಾಗೆ ನಗು ಬಂತು. ನನಗೆ ಬರಲಿಲ್ಲ. ಇಷ್ಟು ವರ್ಷ ನಾನು ಸೌಜನ್ಯವೆಂದು ತಿಳಿದಿದ್ದಕ್ಕೆಲ್ಲ ನನ್ನ ಮಗಳೇ ಬೆಲೆ ತೆತ್ತಿದ್ದಳು ಎಂದು ಅನ್ನಿಸಿ ಬಹಳ ಬೇಸರವಾಯಿತು. ಸಾರಿ ಕೇಳಿದೆ. ಅವಳು “ಇಟ್ಸ್ ಓಕೆ” ಎಂದಳು. ಓಕೆ ಆಗಿರಲಿಲ್ಲ.

ಮುಂದಿನ ಸೀಸನ್ನಿಗೆ ಗ್ಯಾರಿ ನನಗೊಂದು ಬೇರೆ ಹುದ್ದೆ ಹುಡುಕಿದ. ಪೆನಾಲ್ಟಿ ಬಾಕ್ಸಿನ ಬಾಗಿಲು ಕಾಯುವುದು. ಶಿಕ್ಷೆಯಾದ ಮಗು ಬಂದಾಗ ಬಾಗಿಲು ತೆರೆಯಬೇಕು, ಸಮಯ ಮುಗಿದಾಗ ಮತ್ತೆ ತೆರೆಯಬೇಕು. ಸ್ಕೇಟ್ಸ್ ಬೇಡ, ಸೀಟಿ ಇಲ್ಲ. ಆ ಜಾಗದಲ್ಲಿ ಕೂತವರು ಯಾರ ಪರವಾಗಿಯೂ ಕೂಗುವಂತಿಲ್ಲ, ರೆಫರಿಯ ಬಗ್ಗೆ ತುಟಿ ಬಿಚ್ಚುವಂತಿಲ್ಲ. ಈ ಷರತ್ತು ಕೇಳಿ ಧೃತಿ ತಕ್ಷಣ ಒಪ್ಪಿಗೆ ಕೊಟ್ಟಳು. ಸವಿತಾ ಮೂರನೆಯ ಸಾಲಿನಲ್ಲಿ ಹೀಟರಿನ ಕೆಳಗೆ ನನ್ನ ಸೀಟಿಗೆ ಸರಿದುಕೊಂಡಳು.

ಹಲವು ವಾರ ನಾನು ತುಟಿ ಹೊಲಿದುಕೊಂಡು ಬಾಗಿಲು ಕಾದೆ. ಒಂದು ಭಾನುವಾರ ಧೃತಿ ಎದುರು ಟೀಮಿನ ಹುಡುಗಿಯೊಬ್ಬಳ ಅಂಗಿ ಹಿಡಿದು ಜಗ್ಗಿ ಸಿಕ್ಕಿಬಿದ್ದಳು. ಅನೌನ್ಸರು ಅವಳ ಹೆಸರನ್ನು ಎಂದಿನ ಹಾಗೆ ಸ್ಪಷ್ಟವಾಗಿ ಹೇಳಿದ. ಬಾಗಿಲು ತೆರೆದೆ. ಅವಳು ಬಂದು ನನ್ನ ಪಕ್ಕ ಕೂತು ಸುಧಾರಿಸಿಕೊಂಡಳು. ನಾನು ನಿಯಮದಂತೆ ನೇರವಾಗಿ ಮುಂದೆ ನೋಡುತ್ತಿದ್ದೆ.

“ಈ ಸಲ ನಂದೇ ತಪ್ಪು, ಅಪ್ಪಾ,” ಎಂದಳು.

ರಿಂಕಿನೊಳಗೆ ಆ ಅಪ್ಪಾ ಕೇಳಿ ತಿಂಗಳುಗಳೇ ಆಗಿದ್ದವು. ನಿಯಮ, ಷರತ್ತು ಎಲ್ಲ ಮರೆತುಹೋದವು.

“ನಿಂದೇನೂ ತಪ್ಪಿಲ್ಲ ಪುಟ್ಟ,” ಎಂದು ಪಿಸುಗುಟ್ಟಿದೆ. “ಆ ರೆಫರಿಗೆ ಕಣ್ಣಿಲ್ಲ.”

ಅವಳು ಹೆಲ್ಮೆಟ್ಟಿನ ಜಾಲರಿಯೊಳಗೇ ಕಿಸಕ್ಕನೆ ನಕ್ಕಳು. ನಾನೂ ನಕ್ಕೆ. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ಗೊತ್ತಿಲ್ಲ. ಗ್ಯಾಲರಿಯಲ್ಲಿ ದೊಡ್ಡ ಗದ್ದಲ ಎದ್ದಿತು. ಈ ಸಲ ಯಾವ ಬಡಪಾಯಿ ಸಿಕ್ಕಿಬಿದ್ದನೋ ನೋಡೋಣವೆಂದು, ಕೂಗುವ ಕಲೆಯಲ್ಲಿ ಪಳಗಿದವನ ಕುತೂಹಲದಿಂದ ತಿರುಗಿದೆ. ಎರಡು ನಿಮಿಷ ಯಾವಾಗಲೋ ಮುಗಿದು ಗಡಿಯಾರ ಸೊನ್ನೆಯಲ್ಲಿತ್ತು. ಗ್ಯಾಲರಿಯ ಅಷ್ಟೂ ಜನ ನನ್ನನ್ನೇ ನೋಡಿ ಕೂಗುತ್ತಿದ್ದರು. ಮೂರನೆಯ ಸಾಲಿನಲ್ಲಿ, ಹೀಟರಿನ ಕೆಳಗೆ, ಚಕ್ಕುಲಿ ಡಬ್ಬಿ ಹಿಡಿದುಕೊಂಡೇ ಒಬ್ಬಳು ಎದ್ದು ನಿಂತಿದ್ದಳು.

“ರೀ, ಬಾಗ್ಲು ತೆಗೀರ್ರೀ!”