ಉಲ್ಟಾ ಹ್ಯಾಂಡಲ್ಲಿನ ಗಾಡಿ

ಈಗ ನಾನು ಹೇಳಲಿರುವುದನ್ನು ನೀವು ನಂಬುವುದಿಲ್ಲ. ಬೇಜಾರಿಲ್ಲ, ನನಗೆ ರೂಢಿಯಾಗಿದೆ. ನಾನು ಹೇಳಿದ್ದನ್ನು ನಮ್ಮ ಮನೆಯಲ್ಲಿ ಅವ್ವ ಎರಡರಿಂದ ಭಾಗಿಸುತ್ತಾಳೆ, ಅಪ್ಪ ಹತ್ತರಿಂದ ಭಾಗಿಸುತ್ತಾನೆ, ತಂಗಿ ಸೊನ್ನೆಯಿಂದ ಗುಣಿಸುತ್ತಾಳೆ. ಆದರೆ ಈ ಸಲದ ಮಾತಿಗೆ ಕಮರಿಪೇಟೆಯ ಇಡೀ ಓಣಿ ಸಾಕ್ಷಿ ಇದೆ. ಅದೂ ಸಾಲದಿದ್ದರೆ ವೀರೇಶನ ಮೀಸೆ ಇದೆ, ಅಂದರೆ ಅದರಲ್ಲಿ ಉಳಿದಷ್ಟು. ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ: ಹುಬ್ಬಳ್ಳಿ, ಧಾರವಾಡ ಎರಡನ್ನೂ ಸೇರಿಸಿ ಮೊಟ್ಟಮೊದಲ ಕೆಫೆ ರೇಸರ್ ಮೋಟರ್‌ಸೈಕಲ್ಲನ್ನು ಕಟ್ಟಿದವನು ನಾನು. ಪಿಯುಸಿ ಎರಡನೇ ವರ್ಷ, ವಿಜ್ಞಾನ ವಿಭಾಗ, ಹಿಂದಿನ ಬೆಂಚು.

ಇದೆಲ್ಲ ಶುರುವಾದದ್ದು ಮಿರ್ಚಿಯಿಂದ. ಕಾಲೇಜಿನ ಹಿಂದಿನ ತಳ್ಳುಗಾಡಿಯವನು ಚುರುಮುರಿಯ ಗಿರ್ಮಿಟ್ಟಿನ ಜೊತೆ ಎರಡು ಮಿರ್ಚಿ ಬಜಿಯನ್ನು ರದ್ದಿ ಕಾಗದದ ಮೇಲೆ ಇಟ್ಟು ಕೊಡುತ್ತಾನೆ. ಅವತ್ತು ನನ್ನ ಪಾಲಿಗೆ ಬಂದ ಕಾಗದ ನುಣ್ಣಗೆ ಹೊಳೆಯುತ್ತಿತ್ತು. ಯಾವುದೋ ಪರದೇಶದ ಪತ್ರಿಕೆಯ ಹಾಳೆ. ಮಿರ್ಚಿ ಎತ್ತಿದರೆ ಅಡಿಯಲ್ಲಿ ಒಂದು ಮೋಟರ್‌ಸೈಕಲ್! ಹಸಿದ ಚಿರತೆ ಹೊಂಚು ಹಾಕಿ ಕೂತಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್, ಒಬ್ಬನೇ ಕೂರುವಷ್ಟು ಸೀಟು, ಮುಂದೆ ಒಂಟಿ ಕಣ್ಣಿನಂಥ ದುಂಡು ದೀಪ. ಹಿಂದಿನ ಗಾಲಿಯ ಭಾಗ ಮಾತ್ರ ಮಿರ್ಚಿಯ ಎಣ್ಣೆ ಕುಡಿದು ಮಾಯವಾಗಿತ್ತು. ಎಣ್ಣೆ ತಾಗದ ಸಾಲುಗಳನ್ನು ಓದಿದೆ. ಹಿಂದೆ ಲಂಡನ್ನಿನ ಹುಡುಗರು ತಮ್ಮ ಗಾಡಿಗಳಿಂದ ಬೇಡವಾದದ್ದನ್ನೆಲ್ಲ ಕಿತ್ತು ಹಾಕಿ, ಒಂದು ಕಾಫಿ ಹೋಟೆಲಿನಿಂದ ಇನ್ನೊಂದಕ್ಕೆ ರೇಸ್ ಹಚ್ಚುತ್ತಿದ್ದರಂತೆ. ನಮ್ಮೂರಲ್ಲಿ ಈ ಆಟಕ್ಕೆ ಜಾಗವೇ ಇಲ್ಲ. ಒಂದು ಚಹಾದಂಗಡಿಯ ಬೆಂಚಿನ ಮೇಲೆ ಕೂತು ಪಕ್ಕದ ಅಂಗಡಿಯ ಚಹಾ ಕುಡಿಯಬಹುದು, ಇನ್ನು ರೇಸ್ ಎಲ್ಲಿಂದ ಎಲ್ಲಿಗೆ? ಆದರೂ ಹಾಳೆಯನ್ನು ಒರೆಸಿ, ಮಡಚಿ, ರಸಾಯನಶಾಸ್ತ್ರದ ಪುಸ್ತಕದಲ್ಲಿಟ್ಟೆ. ಆ ಪುಸ್ತಕವನ್ನು ನಾನು ಪ್ರೀತಿಯಿಂದ ತೆರೆದದ್ದು ಆಮೇಲೆಯೇ.

ಇಷ್ಟಕ್ಕೇ ಬಿಟ್ಟಿದ್ದರೆ ಒಳ್ಳೆಯದಿತ್ತು. ಆದರೆ ಬಾಯಿ ಇದೆಯಲ್ಲ. ಮರುದಿನ ಕಾಲೇಜಿನ ಕಟ್ಟೆಯ ಮೇಲೆ, "ನಾನೂ ಒಂದ ಕಟ್ಟಾಕತ್ತೇನಿ, ಮುಗೀಲಿಕ್ಕೆ ಬಂದೈತಿ" ಎಂದುಬಿಟ್ಟೆ. ಕೇಳುತ್ತಿದ್ದವರಲ್ಲಿ ವೀರೇಶನೂ ಇದ್ದ. ಎಸ್ಸೆಸ್ಸೆಲ್ಸಿಯನ್ನು ಎರಡನೇ ಏಟಿಗೆ ಪಾಸು ಮಾಡಿದ ಸಾಹಸಕ್ಕೆ ಅವನಪ್ಪ ಅವನಿಗೆ ಕೆಂಪು ಬಣ್ಣದ ಹೊಸ ಮೋಟರ್‌ಸೈಕಲ್ ಕೊಡಿಸಿದ್ದರು. "ಲೇ ಬಸ್ಯಾ, ನಿಮ್ಮ ಮನ್ಯಾಗ ಸೈಕಲ್ ಪಂಪ್ ಸೈತ ಇಲ್ಲ. ನೀ ಗಾಡಿ ಕಟ್ಟತೀಯಾ?" ಎಂದ. ಮಾತಿಗೆ ಮಾತು ಬೆಳೆದು ಪಂಥವಾಯಿತು. ದಸರೆಯ ಸಂಜೆ, ಊರೆಲ್ಲ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಡಲು ಹೊರಗೆ ಬಂದಿರುವಾಗ, ನಾನು ಗೋಕುಲ ರಸ್ತೆಯಿಂದ ನಮ್ಮ ಕಮರಿಪೇಟೆಯ ಬೇವಿನ ಕಟ್ಟೆಯವರೆಗೆ ನನ್ನ ಗಾಡಿ ಓಡಿಸಿಕೊಂಡು ಬರಬೇಕು. ಕಾಲು ನೆಲಕ್ಕೆ ತಾಗಬಾರದು. ಸೋತವನು ಅರ್ಧ ಮೀಸೆ ಬೋಳಿಸಿಕೊಂಡು ಒಂದು ವಾರ ಕಾಲೇಜಿಗೆ ಬರಬೇಕು. ವೀರೇಶನದು ಪೊಗದಸ್ತಾದ ಮೀಸೆ. ನನ್ನದರಲ್ಲಿ ಒಟ್ಟು ಮೂವತ್ತೆರಡು ಕೂದಲು, ಎಣಿಸಿದ್ದೇನೆ. ಅರ್ಧವೆಂದರೆ ಹದಿನಾರು ಹೋದಂತೆ. ಎರಡು ವರ್ಷದ ಬೆಳೆ ಸ್ವಾಮಿ!

ಇನ್ನು ಅಪ್ಪನ ಸಂಗತಿ. ಅಪ್ಪನದು ಕಾಳುಕಡಿ ವ್ಯಾಪಾರ. ಹಣೆಗೆ ಮೂರು ಬೆರಳಿನ ವಿಭೂತಿ, ಬಾಯಿಗೆ ಎರಡೇ ಮಾತು. ಮೋಟರ್‌ಸೈಕಲ್ಲಿಗೆ ಅವನು ಇಟ್ಟ ಹೆಸರು "ಎರಡ ಗಾಲಿ ಮ್ಯಾಲಿನ ದವಾಖಾನಿ". ಡಿಗ್ರಿ ಮುಗಿಯುವ ತನಕ ನಾನು ಅದನ್ನು ಮುಟ್ಟಕೂಡದೆಂದು ಅಪ್ಪಣೆಯಾಗಿತ್ತು. ಆದರೆ ದಸರೆಯ ದಿನ ಅಪ್ಪ ಧಾರವಾಡದ ಹತ್ತಿರದ ಹೆಬ್ಬಳ್ಳಿಗೆ ಹೋಗಿ ದೊಡ್ಡಪ್ಪನಿಗೆ ಬನ್ನಿ ಕೊಟ್ಟು ಬರುವುದು ತಪ್ಪದ ಪದ್ಧತಿ. ತಿರುಗಿ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಅಷ್ಟರೊಳಗೆ ನನ್ನ ದಿಗ್ವಿಜಯ ಮುಗಿದಿರುತ್ತದೆ.

ರೊಕ್ಕದ ದಾರಿಯನ್ನೂ ಅಪ್ಪನೇ ತೋರಿಸಿದ. "ಟೈಪಿಂಗ್ ಕಲಿ, ಕೈಯಾಗ ಒಂದ ವಿದ್ಯಾ ಇರ್ಲಿ" ಎಂದು ತಿಂಗಳು ತಿಂಗಳು ಫೀ ಕೊಡುತ್ತಿದ್ದ. ಅದಕ್ಕೆ ನನ್ನ ಕ್ರಿಕೆಟ್ ಬ್ಯಾಟು ಮಾರಿದ್ದು ಸೇರಿಸಿ, ಹಾಲು ಮಾರುವ ಕಲ್ಲಪ್ಪನ ಹಳೆಯ ಗಾಡಿಯನ್ನು ಎಮ್ಮೆಯ ಒಂದು ಮುಂಗಾಲಿನ ಬೆಲೆಗೆ ಕೊಂಡೆ. ಮೂರು ವರ್ಷ ಅದರ ಮೇಲೆ ಕೋಳಿಗಳು ಮಲಗಿದ್ದವು. "ಇಂಜಿನ್ ಗಟ್ಟಿ ಐತಿ ತಮ್ಮಾ, ಉಳದದ್ದು ದೇವರಿಚ್ಛಾ" ಎಂದ ಕಲ್ಲಪ್ಪ. ಹತ್ತು ವರ್ಷ ಹಾಲು ಹೊತ್ತು ಆ ಗಾಡಿಯ ಕಬ್ಬಿಣಕ್ಕೂ ಹಾಲಿನ ವಾಸನೆ ಹತ್ತಿತ್ತು. ಅದನ್ನು ಗೋಕುಲ ರಸ್ತೆಗೆ ತಳ್ಳಿಕೊಂಡು ಹೋಗುವಾಗ ಹಿಂದೆ ನಾಲ್ಕು ಬೆಕ್ಕು ಬಂದವು. ಗ್ಯಾರೇಜು ಮುಟ್ಟಿದಾಗ ಏಳಾಗಿದ್ದವು. ಹೋಗಲಿ, ಐದು ಎಂದಿಟ್ಟುಕೊಳ್ಳಿ.

ಗ್ಯಾರೇಜು ಮಾಬೂಸಾಬ ಚಾಚಾನದು. ಮೂವತ್ತು ವರ್ಷದ ಮೇಸ್ತ್ರಿ, ಗಾಡಿಯ ಕೆಮ್ಮು ಕೇಳಿಯೇ ರೋಗ ಹೇಳುವವನು. ಎಣ್ಣೆ ಕುಡಿದ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಹಿಂದಿನ ಗಾಲಿ ಮ್ಯಾಲ ಏನೈತೋ ಇದರಾಗ?"

"ಎಣ್ಣಿ ಐತಿ ಚಾಚಾ."

"ಹಂಗಾರ ಹಿಂದಿನ ಭಾಗ ಮಿರ್ಚಿ ಅಂಗಡ್ಯಾಂವನ್ನ ಕೇಳಿ ಮಾಡೂಣು."

ನಾನು ಒಂದೊಂದೇ ಹೇಳುತ್ತಾ ಹೋದೆ. ಲೆಗ್‌ಗಾರ್ಡ್ ತೆಗೀರಿ, ಮಡ್‌ಗಾರ್ಡ್ ಕೊಯ್ಯಿರಿ, ಹಾಲಿನ ಕ್ಯಾನಿನ ಕೊಂಡಿ ತೆಗೀರಿ. ಚಾಚಾ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ. "ನೋಡಪಾ, ಇಷ್ಟ ವರ್ಷದಾಗ ಮಂದಿ ಬಂದು, ಚಾಚಾ ಅದ ಹಾಕ್ರಿ, ಇದ ಹಾಕ್ರಿ ಅಂದಾರ. ರೊಕ್ಕಾ ಕೊಟ್ಟು ತಗಸಾಂವ ನೀ ಒಬ್ಬಾಂವ ನೋಡು." ಸೀರೆಗಾರ್ಡ್ ತೆಗೆಯಲು ಹೇಳಿದಾಗಲಂತೂ ಅವನ ಮುಖದಲ್ಲಿ ನಿಜವಾದ ಕಾಳಜಿ ಕಂಡಿತು. "ಮದಿವಿ ಆಗೂ ವಿಚಾರ ಇಲ್ಲೇನ ಮತ್ತ? ಸೊಸಿ ಎಲ್ಲೆ ಕುಂದರಬೇಕು?"

ಹ್ಯಾಂಡಲ್ ವಿಷಯಕ್ಕೆ ಇನ್ನೂ ರಗಳೆಯಾಯಿತು. ಚಿತ್ರದಲ್ಲಿದ್ದಂಥ ಹ್ಯಾಂಡಲ್ ಕೊಳ್ಳಲು ನನ್ನ ಬಳಿ ಬ್ಯಾಟು ಉಳಿದಿರಲಿಲ್ಲ. ಇದ್ದದ್ದನ್ನೇ ಉಲ್ಟಾ ಹಾಕಿರಿ ಎಂದೆ. ಚಾಚಾ ನಕ್ಕು ನಕ್ಕು ಕೆಮ್ಮಿದ. "ಗಾಡಿ ಬಿದ್ದ ಮ್ಯಾಲ ಹ್ಯಾಂಡಲ್ ಹಿಂಗ ಆಗತೈತಿ, ಮಂದಿ ಬಂದು ಸೀದಾ ಮಾಡಸ್ತಾರ. ನೀ ಬೀಳೂಕಿಂತ ಮೊದಲ ಮಾಡಸಾಕತ್ತಿ. ಇರ್ಲಿ, ಮುಂದಾಲೋಚನಿ ಐತಿ." ಹಾಕಿದ ಮೇಲೆ ಕೂತು ನೋಡಿದೆ. ನನ್ನ ಗದ್ದ ಟ್ಯಾಂಕಿಗೆ ತಾಗಿತು, ಬೆನ್ನು ಕಮಾನಾಯಿತು. ರಸ್ತೆ ನೋಡಬೇಕೆಂದರೆ ಹುಬ್ಬನ್ನು ಹಣೆಯ ಮೇಲಕ್ಕೆ ಏರಿಸಬೇಕಿತ್ತು. ಚಿರತೆ ಎಂದರೆ ಹೀಗೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡೆ.

ಇತ್ತ ಮನೆಯಲ್ಲಿ ನನ್ನ ಟೈಪಿಂಗಿನ ಕೀರ್ತಿ ಹಬ್ಬುತ್ತಿತ್ತು. ದಿನಾ ಸಂಜೆ ಹತ್ತೂ ಬೆರಳು ಕರ್ರಗೆ ಮಾಡಿಕೊಂಡು ಬರುತ್ತಿದ್ದೆ. "ರಿಬ್ಬನ್ನಿನ ಮಸಿ" ಎನ್ನುತ್ತಿದ್ದೆ. ಅವ್ವ ಸೀಗೆಪುಡಿ ಹಾಕಿ ಕೈ ತಿಕ್ಕುತ್ತಾ ಅಪ್ಪನಿಗೆ, "ಮಣಕೈ ತನಾ ಮಸಿ ಹತ್ತೈತಿ ನೋಡ್ರಿ, ಎಷ್ಟ ಜೀವಾ ತಿಂದು ಕಲ್ಯಾಕತ್ತಾನ ಹುಡುಗ" ಎನ್ನುತ್ತಿದ್ದಳು. ಅಪ್ಪ ಪೇಪರಿನ ಮೇಲಿನಿಂದ ಒಮ್ಮೆ ನೋಡಿ, "ಹೂಂ" ಎನ್ನುತ್ತಿದ್ದ. ಅಪ್ಪನ ಹೂಂ ಎಂದರೆ ಬೇರೆಯವರ ಮನೆಯಲ್ಲಿ ಹೋಳಿಗೆ ಊಟ ಮಾಡಿಸಿದಂತೆ.

ಕೊನೆಗೆ ಉಳಿದದ್ದು ಮುಂದಿನ ದೀಪ. ಬಲ್ಬು, ಗಾಜು ಚಾಚಾ ಕೊಟ್ಟ. ಅವನ್ನು ಕೂರಿಸುವ ದುಂಡನೆಯ ಡಬ್ಬಿಗೆ ಮಾತ್ರ ರೊಕ್ಕ ಸಾಲಲಿಲ್ಲ. ಆಗ ನನ್ನ ಕಣ್ಣಿಗೆ ಬಿದ್ದದ್ದು ಅಜ್ಜನ ಸೇರು. ಅಂಗಡಿಯಲ್ಲಿ ಕಿಲೋ ಕಲ್ಲು ಬರುವ ಮೊದಲು ಅಜ್ಜ, ಅವನ ನಂತರ ಅಪ್ಪ ಜೋಳ ಅಳೆಯುತ್ತಿದ್ದ ಕಬ್ಬಿಣದ ಸೇರು. ಕಂಠದ ಹತ್ತಿರ ಹೆಬ್ಬೆರಳು ಕೂರುವಷ್ಟು ತಗ್ಗು ಬಿದ್ದಿತ್ತು. ಈಗ ಅದಕ್ಕೆ ಕೆಲಸವಿಲ್ಲ, ಗೋಡೆಯ ಮಾಡದ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತದೆ. ತಂದು ಗಾಜು ಇಟ್ಟು ನೋಡಿದರೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು! ವೈರು ಹಾಯಿಸಲು ತಳಕ್ಕೆ ಒಂದು ತೂತು, ಮೇಲೆ ಎರಡು ಕೈ ಕರಿ ಬಣ್ಣ. ಚಾಚಾ ಮೂಸಿ ನೋಡಿ, "ಇದ ಯಾವ ಗಾಡೀದಪಾ, ಜ್ವಾಳದ ವಾಸನಿ ಬರಾಕತ್ತೈತಿ?" ಎಂದ. "ಪರದೇಶದ್ದು" ಎಂದೆ. ಅಲ್ಲಿಗೆ ನನ್ನ ಕೆಫೆ ರೇಸರ್ ಪೂರ್ತಿಯಾಯಿತು. ಮುಂದೆ ಜೋಳ, ಹಿಂದೆ ಹಾಲು.

ಅಜ್ಜನ ಸೇರು ವರ್ಷಕ್ಕೆ ಒಂದೇ ದಿನ ಬೇಕಾಗುವ ವಸ್ತು. ಆ ಒಂದು ದಿನ ದಸರೆಯ ಹಿಂದಿನ ದಿನ ಎನ್ನುವುದನ್ನು ನಾನು ಮರೆತಿದ್ದೆ. ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಅಪ್ಪ ತಕ್ಕಡಿ, ಕಲ್ಲು, ಗೋಣಿ ಹೊಲಿಯುವ ದಬ್ಬಣ ಎಲ್ಲ ಸಾಲಾಗಿ ಇಟ್ಟು, ನಡುವೆ ಸೇರಿನ ಜಾಗ ಖಾಲಿ ಬಿಟ್ಟು ಕೂತ. ಮನೆಯೆಲ್ಲ ಹುಡುಕಾಟವಾಯಿತು. ನಾನೂ ಹುಡುಕಿದೆ, ಎಲ್ಲರಿಗಿಂತ ಜೋರಾಗಿ. "ಇಲಿ ಎಳಕೊಂಡ ಹೋಗಿರಬೇಕು" ಎಂದೆ. "ಕಬ್ಬಿಣದ್ದು ಎಳಕೊಂಡ ಹೋಗೂ ಇಲಿ ಎರಡ ಕಾಲಿಂದ ಇರಬೇಕು" ಎಂದಳು ತಂಗಿ. ಅಪ್ಪ ಖಾಲಿ ಜಾಗಕ್ಕೇ ಚೆಂಡು ಹೂ ಇಟ್ಟು ಕೈ ಮುಗಿದ. ಅವನು ಬೈದಿದ್ದರೆ ನನಗೆ ಅಷ್ಟು ತ್ರಾಸಾಗುತ್ತಿರಲಿಲ್ಲ. ದಸರೆ ಮುಗಿದ ಕೂಡಲೇ ತಿರುಗಿ ಇಟ್ಟುಬಿಡುತ್ತೇನೆ ಎಂದು ಮನಸ್ಸಿನಲ್ಲೇ ಆಣೆ ಮಾಡಿದೆ. ತೂತಿನ ವಿಚಾರ ಆಣೆಯಲ್ಲಿ ಸೇರಿಸಲಿಲ್ಲ.

ದಸರೆಯ ಸಂಜೆ ಗೋಕುಲ ರಸ್ತೆಯಲ್ಲಿ ಹನ್ನೊಂದನೆಯ ಒದೆತಕ್ಕೆ ನನ್ನ ಗಾಡಿ ಗುಡುಗಿತು. ಗಂಟೆಗೆ ನೂರು ಕಿಲೋಮೀಟರ್ ಹೊಡೆದೆ. ಸುಳ್ಳೆನ್ನುವವರು ಸಾಬೀತು ಮಾಡಲಿ, ಸ್ಪೀಡೋಮೀಟರನ್ನು ಕಿತ್ತು ಹಾಕಿದ್ದೆ. ನಡುವೆ ಒಂದು ಸೈಕಲ್ಲು ನನ್ನನ್ನು ದಾಟಿ ಹೋದದ್ದು ನಿಜ, ಆದರೆ ಅವನಿಗೆ ಇಳಿಜಾರಿತ್ತು. ನನಗೂ ಇತ್ತು, ಆ ಮಾತು ಬೇರೆ. ಹಿಂದೆ ಕೆಂಪು ಗಾಡಿಯಲ್ಲಿ ವೀರೇಶ, ನನ್ನ ಕಾಲಿನ ಮೇಲೆಯೇ ಕಣ್ಣಿಟ್ಟು ಬರುತ್ತಿದ್ದ.

ಕಮರಿಪೇಟೆಯ ಬಾಯಿಗೆ ಬಂದರೆ ಓಣಿ ತುಂಬ ಜನ! ಹೊಸ ಅಂಗಿ, ಇಳಕಲ್ ಸೀರೆ, ಎಲ್ಲರ ಕೈಯಲ್ಲೂ ಬನ್ನಿ. ಗಾಡಿ ನಡಿಗೆಯ ವೇಗಕ್ಕೆ ಇಳಿಯಿತು, ಓಲಾಡಿತು. ಕಾಲು ಇಳಿಸಿದರೆ ಹದಿನಾರು ಕೂದಲು ಹೋಗುತ್ತವೆ. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಓಣಿಯ ಹಿರಿಯ ಶಂಕ್ರಪ್ಪ ಕಾಕಾ ಕೂಗಿದ.

"ಏ, ಬರ್ರಿ ಇಲ್ಲೆ! ನೋಡ್ರಿ ಈ ಹುಡುಗನ ಸಂಸ್ಕಾರ! ಉಳದ ಹುಡುಗ್ರು ಗಾಡಿ ಹತ್ತಿದ್ರ ಎದಿ ಸೆಟಸ್ಕೊಂಡ ಹೊಕ್ಕಾರ. ಈಂವಾ ಹಿರೇರ್ನ ಕಂಡು ಗಾಡಿ ಮ್ಯಾಲ ಬಗ್ಗಿಕೊಂಡ ಬರಾಕತ್ತಾನ!"

ಚಿರತೆಯ ಹಾಗೆ ಬಂದು ಹೆದರಿಸಬೇಕೆಂದಿದ್ದ ನನಗೆ ಇದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ, ಇದಕ್ಕಿಂತ ದೊಡ್ಡ ಉಪಕಾರವೂ ಇರಲಿಲ್ಲ. ಕಾಕಾ ಎಡಗಡೆಯಿಂದ ಭುಜ ಹಿಡಿದು, "ಬನ್ನಿ ತಗೊಂಡು ಬಂಗಾರದಂಗ ಇರಪಾ" ಎಂದ. ಬಲಗಡೆಯಿಂದ ಅವನ ಹೆಂಡತಿ ತಲೆ ಸವರಿದಳು. ಆಮೇಲೆ ಎರಡೂ ಕಡೆಯಿಂದ ಕೈಗಳೇ ಕೈಗಳು. ಎಡಕ್ಕೆ ವಾಲಿದರೆ ಎಡಗಡೆಯವರ ಆಶೀರ್ವಾದ ಎತ್ತಿ ಹಿಡಿಯುತ್ತಿತ್ತು, ಬಲಕ್ಕೆ ವಾಲಿದರೆ ಬಲಗಡೆಯವರದು. ಹಾಗೇ ಕೈಯಿಂದ ಕೈಗೆ ದಾಟಿ ಬೇವಿನ ಕಟ್ಟೆ ಮುಟ್ಟಿದೆ. ಢಂ ಎಂದು ಒಂದು ಸದ್ದು ಮಾಡಿ ಗಾಡಿ ತಾನಾಗಿ ನಿಂತು ಕಟ್ಟೆಗೆ ಒರಗಿತು. ನೆಲಕ್ಕೆ ಕಾಲು ತಾಗಿರಲಿಲ್ಲ!

"ಮೋಸಾರೀ! ಮಂದಿ ಹಿಡಕೊಂಡಾರ!" ವೀರೇಶ ಬಾಯಿ ಬಡಿದುಕೊಂಡ.

"ಏನಲೇ, ಹಿರೇರ ಆಶೀರ್ವಾದಕ್ಕ ಮೋಸಾ ಅಂತೀಯಾ?" ಎಂದು ಕಾಕಾ ಗದರಿದ. ಐದು ನಿಮಿಷದಲ್ಲಿ ವೀರೇಶ ಮೂಲೆಯ ಕಟಿಂಗ್ ಅಂಗಡಿಯ ಕುರ್ಚಿಯಲ್ಲಿ ಕೂತಿದ್ದ. ನಾನು ಗಾಡಿಯ ಮೇಲೆಯೇ ಕೂತಿದ್ದೆ, ಜಗತ್ತು ಗೆದ್ದವನಂತೆ. ಇಳಿದು ಎದೆ ಸೆಟೆಸಿ ನಿಲ್ಲಬೇಕೆಂದು ಬಹಳ ಆಸೆಯಿತ್ತು, ಆದರೆ ಬೆನ್ನು ಹಿಡಿದುಬಿಟ್ಟಿತ್ತು. ಜಪ್ಪಯ್ಯ ಎಂದರೂ ನೆಟ್ಟಗಾಗಲಿಲ್ಲ. ಬಗ್ಗಿಕೊಂಡೇ ಎಲ್ಲರ ಮೆಚ್ಚುಗೆ ಸ್ವೀಕರಿಸುತ್ತಿದ್ದೆ.

ಆಗ ಜನರ ನಡುವೆ ಬಿಳಿ ಧೋತರದ ಎರಡು ಕಾಲು ನನ್ನ ಕಡೆಗೆ ಬರುವುದು ಕಂಡಿತು. ಅಷ್ಟು ಬಗ್ಗಿದವನಿಗೆ ಕಾಲಷ್ಟೇ ಕಾಣುತ್ತದೆ. ಆ ಚಪ್ಪಲಿಯನ್ನು ನಾನು ಬಲ್ಲೆ. ಹೆಬ್ಬಳ್ಳಿಯಿಂದ ಬರುವ ಯಾವುದೋ ಟೆಂಪೋ ಅವತ್ತು ಬೇಗ ಸಿಕ್ಕಿರಬೇಕು.

"ಬರ್ರಿ ಬರ್ರಿ, ಮಗಾ ಅಂದ್ರ ಹಿಂಗಿರಬೇಕ್ರಿ" ಎಂದು ಕಾಕಾ ಅಪ್ಪನನ್ನು ಮುಂದೆ ಬಿಟ್ಟ. "ಓಣಿ ತುಂಬ ಎಲ್ಲಾರಿಗೂ ಬಗ್ಗಿ ನಮಸ್ಕಾರ ಮಾಡ್ಯಾನ. ಈಗ ನಿಮಗ ಮಾಡಾಕತ್ತಾನ ನೋಡ್ರಿ."

ಅಪ್ಪ ಗಾಡಿ ನೋಡಿದ, ನನ್ನನ್ನು ನೋಡಿದ, ಸುತ್ತಲಿನ ಮುಖಗಳನ್ನು ನೋಡಿದ. ನಂಬುತ್ತೀರೋ ಇಲ್ಲವೋ, ಅಪ್ಪ ಅವತ್ತು ಕರಗಿದ. ನನ್ನ ತಲೆಯ ಮೇಲೆ ಬಲಗೈ ಇಟ್ಟು, "ಬಂಗಾರದಂಗ ಇರು" ಎಂದ. ಅವನ ದನಿ ಒಂಚೂರು ಒದ್ದೆಯಾಗಿತ್ತು. ಎಡಗೈಯನ್ನು ಆಸರೆಗೆಂದು ಮುಂದಿನ ದೀಪದ ಮೇಲಿಟ್ಟ.

ಹದಿನೈದು ವರ್ಷ ಆ ಸೇರಿನಲ್ಲಿ ಜೋಳ ಅಳೆದ ಕೈ ಅದು. ಕಣ್ಣಿಗೆ ಕರಿ ಬಣ್ಣ ಬಳಿಯಬಹುದು, ಬೆರಳಿಗೆ ಬಳಿಯಲಾಗುವುದಿಲ್ಲ. ಅವನ ಹೆಬ್ಬೆರಳು ತಾನಾಗಿ ಹೋಗಿ ಕಂಠದ ತಗ್ಗಿನಲ್ಲಿ ಕೂತಿತು. ಅಲ್ಲೇ ನಿಂತಿತು. ಆಮೇಲೆ ನಡುಬೆರಳು ನಿಧಾನವಾಗಿ ಹಿಂದೆ ಸರಿದು, ತಳ ತಡವಿ, ತೂತು ಹುಡುಕಿಕೊಂಡಿತು.

"ಸೇರಿಗೆ ತೂತು" ಎಂದ ಅಪ್ಪ, ನನಗಷ್ಟೇ ಕೇಳುವಂತೆ. "ಮೂರ ತಲೆಮಾರಿನಿಂದ ನಮ್ಮ ಮನ್ಯಾಗ ಅಳತಿ ತಪ್ಪಿದ್ದಿಲ್ಲ." ತೂತಿನಿಂದ ಬೆರಳು ತೆಗೆಯದೆ ಕೇಳಿದ, "ಇದನ್ನ ಟೈಪಿಂಗ್ ಕ್ಲಾಸಿನ್ಯಾಗ ಕಲಿಸಿದ್ರೇನು?"

ತಲೆಯ ಮೇಲಿದ್ದ ಆಶೀರ್ವಾದದ ಕೈ ಹಾಗೇ ಜಾರಿ ಕಿವಿಗೆ ಬಂತು, ಮೇಲಕ್ಕೆ ಎಳೆಯಿತು. ನಾನು ಎಷ್ಟು ಒದ್ದಾಡಿದರೂ ನೆಟ್ಟಗಾಗದಿದ್ದ ನನ್ನ ಬೆನ್ನು, ಒಂದೇ ಎಳೆತಕ್ಕೆ ಬೇವಿನ ಮರದಷ್ಟು ನೆಟ್ಟಗಾಯಿತು.